ಚಿತ್ರದೊಳಗಣ ಲೋಕ: ಮಕ್ಕಳ ಗೊಂಬೆಯಾಟಕ್ಕೆ ಒಂದು ರಂಗಕಲ್ಪನೆ

ಚಿತ್ರವನ್ನು ಎದುರಿಗೆ ನಿಂತು ನೋಡುವುದು ಒಂದು ಬಗೆ. ಅದರ ಒಳಹೊಕ್ಕು ನಡೆದಾಡುವುದು ಇನ್ನೊಂದು ಬಗೆ. ಈ ಎರಡನೆಯ ಬಗೆ ನಮ್ಮ ಸಾಹಿತ್ಯಪರಂಪರೆಗೆ ಅಪರಿಚಿತವಲ್ಲ. ಭವಭೂತಿಯ ‘ಉತ್ತರರಾಮಚರಿತ’ದ ಮೊದಲನೆಯ ಅಂಕದಲ್ಲಿ ರಾಮ, ಸೀತೆ, ಲಕ್ಷ್ಮಣರು ತಮ್ಮದೇ ಹಿಂದಿನ ಬಾಳನ್ನು ಬಣ್ಣದಲ್ಲಿ ಮೂಡಿಸಿದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಸಾಗುತ್ತಾರೆ. ಶೂರ್ಪನಖಿಯ ಚಿತ್ರವನ್ನು ಕಂಡೊಡನೆ ಸೀತೆ ಬೆದರುತ್ತಾಳೆ. ಇದು ಬರಿಯ ಚಿತ್ರವೆಂದು ರಾಮನು ಅವಳನ್ನು ಸಂತೈಸಬೇಕಾಗುತ್ತದೆ. ಆ ಚಿತ್ರಗಳನ್ನು ನೋಡಿಯೇ ಅವಳಿಗೆ ಮತ್ತೊಮ್ಮೆ ವನವನ್ನು ಕಾಣುವ, ಭಾಗೀರಥಿಯಲ್ಲಿ ಮೀಯುವ ಬಯಕೆ ಹುಟ್ಟುತ್ತದೆ. ಆ ಬಯಕೆಯೇ ಮುಂದೆ ಅವಳನ್ನು ಕಾಡಿಗೆ ಕಳುಹಲು ನೆಪವಾಗುತ್ತದೆ. ಚಿತ್ರವು ಇಲ್ಲಿ ಗೋಡೆಯ ಅಲಂಕಾರವಾಗಿ ಉಳಿಯದೆ ಕಥೆಯನ್ನೇ ಮುಂದಕ್ಕೆ ನಡೆಸಿದೆ.

ಕಾಳಿದಾಸನ ‘ಶಾಕುಂತಲ’ದ ಆರನೆಯ ಅಂಕದ ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದುದು. ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರದ ಮುಂದೆ ಕುಳಿತು, ಇನ್ನು ಏನೇನು ಬರೆಯುವುದು ಉಳಿದಿದೆ ಎಂದು ಎಣಿಸುತ್ತಾನೆ. ಮಾಲಿನೀ ನದಿ, ಅದರ ಮರಳದಿಣ್ಣೆಯ ಮೇಲೆ ಹಂಸಗಳ ಜೋಡಿ, ಹಿಮವಂತನ ತಪ್ಪಲು, ಜಿಂಕೆಗಳು, ನಾರುಬಟ್ಟೆ ಒಣಹಾಕಿದ ಮರ ಇವೇ ಆ ಉಳಿದವುಗಳು. ಚೌಕಟ್ಟಿನ ಹೊರಗೆ ಉಳಿದ ಲೋಕವನ್ನು ಅರಸನು ಇಲ್ಲಿ ಕಲ್ಪಿಸುತ್ತಿದ್ದಾನೆ. ಆದರೆ ಅವನು ಅರಮನೆಯ ಆನೆಯನ್ನಾಗಲಿ ರತ್ನಖಚಿತ ಮಂಟಪವನ್ನಾಗಲಿ ತಂದು ಸೇರಿಸಲಿಲ್ಲ. ಅವನು ಸೇರಿಸಬಯಸಿದುದೆಲ್ಲವೂ ಶಕುಂತಲೆಯ ಆಶ್ರಮಕ್ಕೆ ಸೇರಿದುದೇ ಆಗಿದೆ. ಚಿತ್ರದೊಳಗೆ ಲೋಕವೊಂದನ್ನು ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯಲಾರದು. ಕಲ್ಪನೆಗೆ ಎಲ್ಲೆಯಿಲ್ಲ ಎಂಬ ಮಾತು ಕೇಳಲು ಹಿತವಾದುದು. ಆದರೆ ಚಿತ್ರದ ನಿಯಮಕ್ಕೆ ಒಳಪಟ್ಟ ಕಲ್ಪನೆ ಮಾತ್ರ ಲೋಕವಾಗಿ ನಿಲ್ಲುತ್ತದೆ ಎಂಬುದು ಈ ಲೇಖನದಲ್ಲಿ ನಾವು ಪ್ರತಿಪಾದಿಸಬಯಸುವ ಅಂಶ.

ಹಿನ್ನೆಲೆಯ ಪರದೆಯೂ ಲೋಕವೂ

ಹೆಸರಾಂತ ಚಿತ್ರಗಳನ್ನು ಮಕ್ಕಳ ಗೊಂಬೆಯಾಟಕ್ಕೆ ಬಳಸಿಕೊಳ್ಳುವ ಹಂಬಲ ಶಾಲೆಗಳಲ್ಲಿ ಹೊಸದೇನಲ್ಲ. ಸಾಮಾನ್ಯವಾಗಿ ಆಗುವುದೇನೆಂದರೆ, ಚಿತ್ರವನ್ನು ದೊಡ್ಡದಾಗಿ ಬರೆದೋ ಮುದ್ರಿಸಿಯೋ ಹಿಂದೆ ತೂಗುಹಾಕುತ್ತಾರೆ. ಅದರ ಮುಂದೆ ಮೊಲವೂ ನರಿಯೂ ಬಂದು ತಮ್ಮ ಕಥೆಯನ್ನು ನಡೆಸಿಹೋಗುತ್ತವೆ. ಪರದೆಯನ್ನು ಬದಲಾಯಿಸಿದರೂ ಕಥೆಗೆ ಯಾವ ಬಾಧೆಯೂ ಇಲ್ಲ. ಅಂಥ ಆಟವನ್ನು ನೋಡಿದ ಮಗು ಮೊಲವನ್ನು ನೆನಪಿಟ್ಟುಕೊಳ್ಳುತ್ತದೆ, ಚಿತ್ರವನ್ನಲ್ಲ. ಆದುದರಿಂದ ನಾವು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಚಿತ್ರವನ್ನು ತೆಗೆದು ಬೇರೊಂದನ್ನು ಇಟ್ಟರೆ ನಮ್ಮ ಕಥೆ ನಡೆಯುತ್ತದೆಯೇ? ನಡೆಯುವುದಾದರೆ ನಾವಿನ್ನೂ ಚಿತ್ರದ ಹೊರಗೇ ಇದ್ದೇವೆಂದು ತಿಳಿಯಬೇಕು.

ಒಳಹೊಗುವ ದಾರಿ ನಾಲ್ಕು ಪ್ರಶ್ನೆಗಳಲ್ಲಿದೆ. ಈ ಲೋಕದಲ್ಲಿ ನೆಲ ಎಲ್ಲಿದೆ? ಬೆಳಕು ಎಲ್ಲಿಂದ ಬರುತ್ತದೆ? ದೊಡ್ಡದು ಏಕೆ ದೊಡ್ಡದು, ಚಿಕ್ಕದು ಏಕೆ ಚಿಕ್ಕದು? ಇಲ್ಲಿ ಕಾಲ ನಿಂತಿದೆಯೇ, ಹರಿಯುತ್ತಿದೆಯೇ? ಇವಕ್ಕೆ ದೊರೆಯುವ ಉತ್ತರಗಳೇ ಆ ಲೋಕದ ಕಟ್ಟಳೆಗಳು. ಒಂದೊಂದು ಚಿತ್ರಕ್ಕೂ ಉತ್ತರ ಬೇರೆ. ಇದನ್ನು ಮೂರು ಚಿತ್ರಗಳ ಮೂಲಕ ವಿಶದಪಡಿಸೋಣ. ಎರಡು ಯೂರೋಪಿನವು, ಒಂದು ಮಡಕಶಿರಾ ಸೀಮೆಯ ಕನ್ನಡಿಗರಿಗೆ ನೆರೆಯಲ್ಲೇ ಇರುವ ಲೇಪಾಕ್ಷಿಯದು.

ನೆರಳಿಲ್ಲದ ಕೋಣೆ

ವಿನ್ಸೆಂಟ್ ವ್ಯಾನ್ ಗೋ ತನ್ನ ಮಲಗುವ ಕೋಣೆಯ ಚಿತ್ರವನ್ನು 1888ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ಬರೆದನು. ಗೆಳೆಯ ಪಾಲ್ ಗೋಗ್ಯಾಂನ ಬರವನ್ನು ಅವನು ಕಾಯುತ್ತಿದ್ದ ದಿನಗಳವು. ಒಂದು ಮಂಚ, ಎರಡು ಕುರ್ಚಿ, ಎರಡು ದಿಂಬು, ಒಂದು ಚಿಕ್ಕ ಮೇಜು, ಗೋಡೆಯಲ್ಲಿ ಕೆಲವು ಚಿತ್ರಗಳು, ಒಂದು ಕಿಟಕಿ, ಇಷ್ಟೇ ಅಲ್ಲಿರುವುದು. ಈ ಚಿತ್ರದ ವಿಷಯವಾಗಿ ತಮ್ಮ ತಿಯೋನಿಗೆ ಬರೆದ ಪತ್ರದಲ್ಲಿ, ಬಣ್ಣವೇ ವಿಶ್ರಾಂತಿಯನ್ನು ಸೂಚಿಸಬೇಕೆಂದೂ, ಅದಕ್ಕಾಗಿ ವಸ್ತುಗಳ ನೆರಳುಗಳನ್ನು ತಾನು ಬಿಟ್ಟುಬಿಟ್ಟಿರುವುದಾಗಿಯೂ ಅವನು ತಿಳಿಸಿದ್ದಾನೆ. ಅಲ್ಲಿಗೆ ಈ ಲೋಕದ ಮೊದಲನೆಯ ಕಟ್ಟಳೆ ಚಿತ್ರಕಾರನ ಕೈಯಿಂದಲೇ ನಮಗೆ ಸಿಕ್ಕಿತು: ಈ ಕೋಣೆಯಲ್ಲಿ ನೆರಳಿಗೆ ಪ್ರವೇಶವಿಲ್ಲ.

ಗೊಂಬೆಯಾಟದವನಿಗೆ ಇದಕ್ಕಿಂತ ಹೆಚ್ಚಿನ ಕಥಾಬೀಜ ಬೇಕಿಲ್ಲ. ದಾರಿ ತಪ್ಪಿದ ಒಂದು ನೆರಳು ಈ ಕೋಣೆಯ ಬಾಗಿಲಿಗೆ ಬರುತ್ತದೆ. ಕುರ್ಚಿಯ ಕೆಳಗೆ ಜಾಗ ಕೇಳುತ್ತದೆ, ಕುರ್ಚಿ ಒಲ್ಲೆನೆನ್ನುತ್ತದೆ. ಮಂಚದ ಕೆಳಗೆ ನುಗ್ಗಲು ನೋಡುತ್ತದೆ, ಮಂಚ ಗದರುತ್ತದೆ. ಎರಡು ಕುರ್ಚಿಗಳಲ್ಲಿ ಒಂದು ಯಾರಿಗಾಗಿ ಕಾದಿದೆ ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳಿಯಾರು. ಕೊನೆಗೆ ಬಿಡುಗಡೆಯೂ ಚಿತ್ರದೊಳಗಿನಿಂದಲೇ ಬರಬೇಕು. ಇದು ಮಲಗುವ ಕೋಣೆ. ಇರುಳಾದೊಡನೆ ದೀಪವನ್ನು ಆರಿಸಲೇಬೇಕು. ಆಗ ಕುರ್ಚಿಯೂ ಇಲ್ಲ, ಮಂಚವೂ ಇಲ್ಲ. ಇಡಿಯ ಕೋಣೆಯೇ ನೆರಳಿನ ಪಾಲಾಗುತ್ತದೆ. ಹಗಲಲ್ಲಿ ಒಂದು ಗೇಣು ಜಾಗ ದೊರೆಯದವನು ಇರುಳಿನಲ್ಲಿ ಎಲ್ಲರನ್ನೂ ಹೊದೆಸಿ ಮಲಗಿಸುತ್ತಾನೆ.

ಇಲ್ಲಿ ಎರಡು ಬಗೆಯ ಗೊಂಬೆಗಳು ಬೇಕಾಗುತ್ತವೆ. ಕುರ್ಚಿ, ಮಂಚ, ದಿಂಬುಗಳು ರಟ್ಟಿನಲ್ಲಿ ಮಾಡಿ ಬಣ್ಣ ಬಳಿದ ಗಟ್ಟಿ ವಸ್ತುಗಳು. ನೆರಳು ಮಾತ್ರ ತೆಳುವಾದ ಬಿಳಿಯ ಬಟ್ಟೆಯ ಹಿಂದಿನಿಂದ ಮೂಡುವ ನೆರಳುಗೊಂಬೆ. ಗಟ್ಟಿ ವಸ್ತುಗಳ ಮೇಲೆ ಬೆಳಕು ಒಂದೇ ಕಡೆಯಿಂದ ಬಿದ್ದರೆ ಅವಕ್ಕೂ ನೆರಳು ಬಂದು ಕಟ್ಟಳೆ ಮುರಿಯುತ್ತದೆ. ಎಡಬಲಗಳೆರಡರಿಂದಲೂ ಸಮನಾಗಿ ಬೆಳಕು ಕೊಟ್ಟರೆ ನೆರಳು ಬಹುಮಟ್ಟಿಗೆ ಕರಗುತ್ತದೆ. ಆಮ್‌ಸ್ಟರ್‌ಡ್ಯಾಮಿನಲ್ಲಿರುವ ಮೂಲಚಿತ್ರದ ಎತ್ತರ ಅಗಲಗಳು ಸುಮಾರು ನಾಲ್ಕಕ್ಕೆ ಐದರಂತೆ ಇವೆ. ರಂಗದ ಬಾಯನ್ನೂ ಅದೇ ಪ್ರಮಾಣದಲ್ಲಿ ಇಡುವುದು ಲೇಸು. ನೆಲದ ಹಲಗೆಗಳು ನಮ್ಮ ಕಡೆಗೆ ಜಾರುವಂತೆ ಕಾಣುವುದರಿಂದ ರಂಗದ ನೆಲವನ್ನೂ ಹಿಂಬದಿಯಲ್ಲಿ ಎತ್ತರಿಸಬೇಕು.

ವ್ಯಾನ್ ಗೋ ಈ ಚಿತ್ರವನ್ನು 1889ರಲ್ಲಿ ಮತ್ತೆ ಎರಡು ಬಾರಿ ಬರೆದನು. ಅವು ಈಗ ಶಿಕಾಗೋ ಮತ್ತು ಪ್ಯಾರಿಸ್ಸಿನಲ್ಲಿವೆ. ಮೂರರಲ್ಲಿಯೂ ಕೋಣೆ ಒಂದೇ. ಗೋಡೆಯ ಮೇಲಿನ ಮುಖಚಿತ್ರಗಳು ಮಾತ್ರ ಬದಲಾಗಿವೆ. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬ ವಿವೇಕಕ್ಕೆ ಇದು ಒಳ್ಳೆಯ ನಿದರ್ಶನ.

ನಾಯಕನಿಲ್ಲದ ಬೀದಿ

ಎರಡನೆಯದು ಪೀಟರ್ ಬ್ರೂಗೆಲ್ 1560ರಲ್ಲಿ ಬರೆದ ‘ಮಕ್ಕಳ ಆಟಗಳು’. ವಿಯೆನ್ನಾದ ಕಲಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿರುವ ಈ ಫಲಕಚಿತ್ರ 118 ಸೆಂಟಿಮೀಟರ್ ಎತ್ತರ, 161 ಸೆಂಟಿಮೀಟರ್ ಅಗಲವಾಗಿದೆ. ಅಷ್ಟರೊಳಗೆ 200ಕ್ಕೂ ಮಿಕ್ಕ ಮಕ್ಕಳು, ಸುಮಾರು 80 ಬಗೆಯ ಆಟಗಳು. ಎಡಗಡೆಯ ಕೆಳಮೂಲೆಯಲ್ಲಿ ಎಲುಬಿನ ಚೂರುಗಳನ್ನು ಹಾರಿಸಿ ಹಿಡಿಯುವ ಆಟ ನಡೆದಿದೆ. ನಮ್ಮ ಹೆಣ್ಣುಮಕ್ಕಳ ಐದು ಕಲ್ಲಿನಾಟಕ್ಕೆ ಅದು ಅಕ್ಕನೋ ತಂಗಿಯೋ ಆಗಬೇಕು. ಪೀಪಾಯಿಯ ಬಳೆಗಳನ್ನು ಕೋಲಿನಿಂದ ಉರುಳಿಸುವವರು, ಬಾಗಿದವರ ಬೆನ್ನ ಮೇಲಿಂದ ಹಾರುವವರು, ಮರಗಾಲಿನ ಮೇಲೆ ನಡೆಯುವವರು, ಚಾವಟಿಯಿಂದ ಹೊಡೆದು ಬುಗುರಿ ತಿರುಗಿಸುವವರು, ಹೊಳೆಯಲ್ಲಿ ಈಜುವವರು, ಮೇಲಿನ ಕಿಟಕಿಯಿಂದ ಮುಖವಾಡ ಹಾಕಿಕೊಂಡು ಇಣುಕುವವನು, ಹೀಗೆ ನೋಡಿದಷ್ಟೂ ಉಂಟು.

ಈ ಲೋಕದ ಕಟ್ಟಳೆಗಳೇನು? ನೋಡುವವನ ಕಣ್ಣು ಮಾಳಿಗೆಯ ಎತ್ತರದಲ್ಲಿದೆ. ಆದುದರಿಂದ ಮುಂದಿನವರು ಹಿಂದಿನವರನ್ನು ಮರೆಮಾಡುವುದಿಲ್ಲ. ಬೀದಿ ಬಲಗಡೆಯ ಮೇಲ್ಮೂಲೆಗೆ ಬಹುದೂರ ಸಾಗುತ್ತದೆ. ದೂರ ಹೋದಂತೆ ಮಕ್ಕಳು ಚಿಕ್ಕವರಾಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು, ಈ ಚಿತ್ರಕ್ಕೆ ನಾಯಕನೆಂಬವನಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಆಟದಲ್ಲಿ ಮಗ್ನರು. ಹೊರಗಿನಿಂದ ಬಂದ ಹುಡುಗನೊಬ್ಬ ಈ ಬೀದಿಯಲ್ಲಿ ನಿಂತರೆ ಯಾರೂ ಅವನನ್ನು ಕಣ್ಣೆತ್ತಿ ನೋಡಲಾರರು. ಇದೇ ಆಟದ ತೊಡಕು.

ಗಡಿನಾಡಿನ ಶಾಲೆಗಳಿಗೆ ಈ ತೊಡಕು ಬಹಳ ಚೆನ್ನಾಗಿ ಒಪ್ಪುತ್ತದೆಂದು ನಾವು ಭಾವಿಸುತ್ತೇವೆ. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿ ಕೇಳುವ ಮಗುವಿಗೆ, ಮಾತು ತಿಳಿಯದ ಆಟದ ಬಯಲಿನ ಅಂಚಿನಲ್ಲಿ ನಿಲ್ಲುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಚಿತ್ರದೊಳಗೆ ಹೋದ ನಮ್ಮ ಹುಡುಗನಿಗೆ ಅಲ್ಲಿಯವರ ಮಾತು ಬಾರದು. ಕೂಗಿದರೆ ಯಾರೂ ತಿರುಗರು. ಅವನು ಜೇಬಿನಿಂದ ದಾರ ಸುತ್ತಿದ ತನ್ನ ಬುಗುರಿಯನ್ನು ತೆಗೆದು ಬೀಸುತ್ತಾನೆ. ಚಾವಟಿಯ ಬುಗುರಿಯವರು ಆಗ ನಿಂತು ನೋಡುತ್ತಾರೆ, ಏಕೆಂದರೆ ದಾರದ ಬುಗುರಿ ಅವರಿಗೆ ಹೊಸದು. ನುಡಿ ಒಂದಾಗದಿದ್ದರೂ ಆಟದ ಕಟ್ಟಳೆ ಒಂದಾದೀತು. ಇಲ್ಲಿ ಗೊಂಬೆಗಳು ಹೆಚ್ಚು ಮಾತಾಡದಿರುವುದೇ ಚೆನ್ನು.

ಈ ಚಿತ್ರಕ್ಕೆ ರಟ್ಟಿನಲ್ಲಿ ಕತ್ತರಿಸಿ ಬಿದಿರುಕಡ್ಡಿ ಕಟ್ಟಿದ ಗೊಂಬೆಗಳು ಸಾಕು. ಒಂದು ತರಗತಿಯ ಮಕ್ಕಳೆಲ್ಲ ತಲೆಗೊಂದರಂತೆ ಮಾಡಬಹುದು. ರಂಗದ ಬಾಯಿ ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರವಿದ್ದರೆ ಮೂಲದ ಪ್ರಮಾಣಕ್ಕೆ ಹತ್ತಿರವಾಗುತ್ತದೆ. ಒಳಗೆ ಮೂರು ಸಾಲುಗಳನ್ನು ಒಂದರ ಹಿಂದೊಂದು ಮೆಟ್ಟಿಲಿನಂತೆ ಏರಿಸಿ ಇಡಬೇಕು. ನಮ್ಮ ಹುಡುಗನ ಗೊಂಬೆಯನ್ನು ಹತ್ತು ಅಂಗುಲ, ಐದು ಅಂಗುಲ, ಎರಡೂವರೆ ಅಂಗುಲ ಎಂದು ಮೂರು ಅಳತೆಗಳಲ್ಲಿ ಮಾಡಿಟ್ಟುಕೊಂಡು, ಅವನು ಬೀದಿಯಲ್ಲಿ ದೂರ ಹೋದಂತೆ ಮನೆಯ ಮರೆಯಲ್ಲಿ ಗೊಂಬೆಯನ್ನು ಬದಲಾಯಿಸಿದರೆ, ಅವನು ನಿಜವಾಗಿಯೂ ದೂರ ನಡೆದಂತೆ ಕಾಣುತ್ತದೆ.

ನೀಲಿಯಿಲ್ಲದ ಮಾಳಿಗೆ

ಲೇಪಾಕ್ಷಿಯ ವೀರಭದ್ರ ದೇವಾಲಯ 2022ರಲ್ಲಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ (1529–1542) ವಿರೂಪಣ್ಣ, ವೀರಣ್ಣ ಎಂಬ ಸೋದರರು ಇದನ್ನು ಬೆಳೆಸಿದರು. ಮಾಳಿಗೆಯ ಒಳಮೈಯ ಚಿತ್ರಗಳಲ್ಲಿ ಕಿರಾತಾರ್ಜುನೀಯ, ಪಾರ್ವತೀಕಲ್ಯಾಣ, ಶಿವಪಾರ್ವತಿಯರ ಪಗಡೆಯಾಟ, ಮನುನೀತಿ ಚೋಳನ ಕಥೆ ಮೊದಲಾದವು ಪಟ್ಟಿ ಪಟ್ಟಿಯಾಗಿ ಸಾಗಿವೆ. ವೀರಭದ್ರನ ಬೃಹದಾಕೃತಿ ಬೇರೆಯಾಗಿಯೇ ಇದೆ. ಗಂಡಸರ ನೀಳವಾದ ಕುಲಾವಿ, ಹೆಂಗಸರ ಸೀರೆಯ ಬಗೆಬಗೆಯ ಅಂಚುಗಳು ನೋಡುವವರ ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ.

ಇಲ್ಲಿಯ ಕಟ್ಟಳೆಗಳು ಹಿಂದಿನ ಎರಡಕ್ಕಿಂತ ಪೂರ್ತಿ ಬೇರೆ. ಮುಖಗಳು ಬಹುತೇಕ ಪಕ್ಕನೋಟದಲ್ಲಿವೆ. ಆಕೃತಿಗಳಿಗೆ ಕಪ್ಪು ರೇಖೆಯ ಅಂಚುಂಟು. ದೂರ ಹೋದವರು ಚಿಕ್ಕವರಾಗುವುದಿಲ್ಲ. ಗಾತ್ರವನ್ನು ನಿರ್ಧರಿಸುವುದು ದೂರವಲ್ಲ, ಮಹಿಮೆ. ಕಥೆ ಸಾಗಿದಂತೆ ಒಬ್ಬನೇ ವ್ಯಕ್ತಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಎಂದರೆ ಇಲ್ಲಿ ಕಾಲವು ಹರಿಯುತ್ತದೆ. ಬಣ್ಣಗಳಲ್ಲಿ ಕಾವಿ, ಹಳದಿ, ಹಸುರು, ಬಿಳುಪು, ಕಪ್ಪುಗಳು ಎದ್ದು ಕಾಣುತ್ತವೆ. ನೀಲಿಯ ಅಭಾವವನ್ನು ಕಲೆಯ ಇತಿಹಾಸ ಬರೆದವರು ಗುರುತಿಸಿದ್ದಾರೆ. ನೀಲಿಯಿಲ್ಲದ ಲೋಕದಲ್ಲಿ ಆಕಾಶವೆಲ್ಲಿ? ನೀರಿಗೆ ಯಾವ ಬಣ್ಣ? ಇಂಥ ಪ್ರಶ್ನೆಗಳನ್ನು ಮಕ್ಕಳ ಮುಂದಿಟ್ಟರೆ ಅವರು ತಾವಾಗಿಯೇ ಚಿತ್ರವನ್ನು ಹುಡುಕಿ ನೋಡುತ್ತಾರೆ.

ಮನುನೀತಿ ಚೋಳನ ಕಥೆಯನ್ನು ಎತ್ತಿಕೊಳ್ಳೋಣ. ರಾಜಕುಮಾರನ ರಥದ ಕೆಳಗೆ ಸಿಕ್ಕಿ ಕರು ಸಾಯುತ್ತದೆ. ತಾಯಿಹಸು ಅರಮನೆಗೆ ಬಂದು ನ್ಯಾಯದ ಗಂಟೆಯನ್ನು ಎಳೆಯುತ್ತದೆ. ಅರಸನು ಮಗನಿಗೂ ಅದೇ ಗತಿಯನ್ನು ವಿಧಿಸುತ್ತಾನೆ. ಕೊನೆಗೆ ಶಿವನ ಅನುಗ್ರಹದಿಂದ ಇಬ್ಬರೂ ಬದುಕುತ್ತಾರೆ. ಪಕ್ಕನೋಟದ ಕಟ್ಟಳೆಯನ್ನು ಈ ಕಥೆಗೆ ಅನ್ವಯಿಸಿದರೆ, ಈ ಲೋಕದವರಿಗೆ ಒಂದೇ ಕಡೆ ಕಾಣುತ್ತದೆ. ರಥದ ಮೇಲಿನ ರಾಜಕುಮಾರನಿಗೆ ಪಕ್ಕದಿಂದ ಬಂದ ಕರು ಕಾಣಲೇ ಇಲ್ಲ. ಚಿತ್ರ ಬರೆದವನ ಉದ್ದೇಶ ಇದಾಗಿತ್ತೆಂದು ನಾವು ಹೇಳಬರುವುದಿಲ್ಲ. ಅದು ನಮ್ಮ ಸೇರ್ಪಡೆ. ಆದರೆ ಚಿತ್ರದ ಮೈಯಿಂದಲೇ ಹುಟ್ಟಿದ ಸೇರ್ಪಡೆ.

ಈ ಚಿತ್ರಕ್ಕೆ ಒಪ್ಪುವುದು ತೊಗಲುಗೊಂಬೆ. ಅದೂ ಚಪ್ಪಟೆ, ಅದರಲ್ಲಿಯೂ ಪಕ್ಕನೋಟದ ಮುಖಗಳೇ ಹೆಚ್ಚು, ಅದಕ್ಕೂ ರೇಖೆಯೇ ಪ್ರಾಣ. ಅದೇ ಜಿಲ್ಲೆಯ ಧರ್ಮವರಂ ಬಳಿಯ ನಿಮ್ಮಲಕುಂಟ ಈ ಕಲೆಗೆ ಹೆಸರಾದ ಊರು. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಶಾಲೆಯಲ್ಲಿ ತೊಗಲಿಗೆ ಬದಲು ದಪ್ಪ ಕಾಗದವನ್ನು ಕತ್ತರಿಸಿ, ಉಡುಗೆಯ ಭಾಗಗಳಿಗೆ ಬಣ್ಣದ ಜಿಲೆಟಿನ್ ಕಾಗದ ಅಂಟಿಸಬಹುದು. ಒಡವೆಗಳ ಜಾಗದಲ್ಲಿ ಸಣ್ಣ ತೂತುಗಳನ್ನು ಕೊರೆದರೆ ಬೆಳಕು ಹೊಳೆದು ರತ್ನಗಳಂತೆ ಕಾಣುತ್ತದೆ. ಹಿನ್ನೆಲೆಯ ಪಟ್ಟಿಯನ್ನು ಉದ್ದನೆಯ ಬಟ್ಟೆಯಲ್ಲಿ ಬರೆದು ಎರಡು ಬಿದಿರುಗಳ ನಡುವೆ ಸುರುಳಿಯಾಗಿ ಸಾಗಿಸಿದರೆ, ಗೊಂಬೆ ನಿಂತಲ್ಲೇ ನಡೆದರೂ ಕಥೆ ಮುಂದುವರಿಯುತ್ತದೆ. ಗೊಂಬೆ ಹಿಡಿದವನಿಗೆ ಬಲಕ್ಕೆ ಕಂಡ ಮುಖ ಪರದೆಯ ಆಚೆಯವರಿಗೆ ಎಡಕ್ಕೆ ಕಾಣುವುದೆಂಬುದನ್ನು ಮಾತ್ರ ಮರೆಯಲಾಗದು.

ಒಳಹೊಗುವವನು ಯಾರು?

ಚಿತ್ರದ ಲೋಕಕ್ಕೆ ಹೊರಗಿನವನೊಬ್ಬ ಬೇಕೇ ಬೇಕು. ಅವನ ಅಚ್ಚರಿಯ ಮೂಲಕವೇ ಮಕ್ಕಳಿಗೆ ಅಲ್ಲಿಯ ಕಟ್ಟಳೆಗಳು ತಿಳಿಯುತ್ತವೆ. ಇದಕ್ಕೆ ಹೊಸ ಪಾತ್ರವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ನಮ್ಮ ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನೂ ಬಂಗಾರಕ್ಕನೂ ರಾಮಾಯಣಕ್ಕೂ ಬರುತ್ತಾರೆ, ಭಾರತಕ್ಕೂ ಬರುತ್ತಾರೆ. ತೆಲುಗಿನ ಆಟದಲ್ಲಿಯೂ ಬಂಗಾರಕ್ಕ ಇದ್ದಾಳೆ, ಜೊತೆಗೆ ಕೇತಿಗಾಡು. ಯಾವ ಯುಗದ ಕಥೆಯೊಳಗೂ ನುಗ್ಗಿ ಇಂದಿನ ಮಾತಾಡುವ ಸ್ವಾತಂತ್ರ್ಯ ಅವರಿಗೆ ಪರಂಪರೆಯೇ ಕೊಟ್ಟಿದೆ. ಅಂಥವರು ವ್ಯಾನ್ ಗೋನ ಕೋಣೆಗೂ ಬ್ರೂಗೆಲ್ಲನ ಬೀದಿಗೂ ಇಣುಕಿದರೆ ಯಾರೂ ಆಕ್ಷೇಪಿಸಲಾರರು. ಚಿತ್ರಕ್ಕೂ ಗೊಂಬೆಗೂ ಇರುವ ನಂಟು ಕೂಡ ಹಳೆಯದೇ. ಗೋವೆಗೆ ಸಮೀಪದ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ ಠಾಕರ ಜನಾಂಗದವರು ಚಿತ್ರದ ಹಾಳೆಗಳನ್ನು ತೋರಿಸುತ್ತ ಕಥೆ ಹೇಳುವ ಚಿತ್ರಕಥಿಯನ್ನೂ, ಸೂತ್ರದ ಗೊಂಬೆ, ತೊಗಲುಗೊಂಬೆಗಳ ಆಟವನ್ನೂ ನಡೆಸಿಕೊಂಡು ಬಂದಿದ್ದಾರೆ.

ಕಂಡದ್ದು, ಊಹಿಸಿದ್ದು, ಸೇರಿಸಿದ್ದು

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಹೀಗೆ ಕಥೆ ಕಟ್ಟಿದರೆ ಚಿತ್ರದಲ್ಲಿ ಇಲ್ಲದುದನ್ನೆಲ್ಲ ಮಕ್ಕಳು ಇದೆಯೆಂದು ನಂಬಲಾರರೇ? ಲೇಪಾಕ್ಷಿಯಲ್ಲಿ ನಿಂತು, ಕರು ಕಾಣದಿರಲೆಂದೇ ಚಿತ್ರಕಾರ ಹೀಗೆ ಬರೆದನೆಂದು ಹೇಳಲಾರರೇ? ಆಕ್ಷೇಪ ನ್ಯಾಯವಾದುದು. ಇದಕ್ಕೆ ನಾವು ಸೂಚಿಸುವ ಉಪಾಯ ಸುಲಭವಾದುದು. ಆಟ ಕಟ್ಟುವಾಗಲೇ ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ನೋಟುಪುಸ್ತಕದಲ್ಲಿ ಮೂರು ಕಂಬಸಾಲುಗಳನ್ನು ಹಾಕಬೇಕು. ಮೊದಲನೆಯದು ‘ಕಂಡದ್ದು’: ಎರಡು ಕುರ್ಚಿ, ಎರಡು ದಿಂಬು. ಎರಡನೆಯದು ‘ಊಹಿಸಿದ್ದು’: ಯಾರೋ ಬರುವವರಿದ್ದಾರೆ. ಮೂರನೆಯದು ‘ಸೇರಿಸಿದ್ದು’: ಜಾಗ ಕೇಳಿಕೊಂಡು ಬಂದ ನೆರಳು. ಆಟ ಮುಗಿದ ಮೇಲೆ ಚಿತ್ರವನ್ನು ಮತ್ತೆ ಮುಂದಿಟ್ಟು ನೋಡುಗರಿಂದಲೂ ಇದೇ ವಿಂಗಡಣೆ ಮಾಡಿಸಬೇಕು. ಯಾವುದು ಆಧಾರ, ಯಾವುದು ಅನುಮಾನ, ಯಾವುದು ಕಲ್ಪನೆ ಎಂಬ ಈ ವಿವೇಕ ಸಂಶೋಧನೆಗೂ ಬೇಕು, ಪತ್ರಿಕೆ ಓದುವುದಕ್ಕೂ ಬೇಕು. ಅದನ್ನು ಹತ್ತು ವರ್ಷದ ಮಗುವಿಗೆ ನಗುನಗುತ್ತ ಕಲಿಸುವ ಸಾಧನ ನಮ್ಮ ಕೈಯಲ್ಲಿರುವುದಾದರೆ ಬಿಡುವುದೇಕೆ?

ಲೇಪಾಕ್ಷಿಯ ಚಿತ್ರಗಳು ಸುಣ್ಣದ ಗಾರೆಯ ಮೇಲೆ ನಿಂತಿವೆ. ಅಲ್ಲಲ್ಲಿ ಬಣ್ಣ ಉದುರಿದೆ, ಕೆಲವು ಮುಖಗಳು ಮಾಸಿವೆ. ಹೊಗೆ, ತೇವ, ಮನುಷ್ಯರ ಕೈ ಇವು ಮೂರೂ ಇಂಥ ಚಿತ್ರಗಳಿಗೆ ಶತ್ರುಗಳು. ಮೊದಲ ಎರಡನ್ನು ತಡೆಯುವುದು ಇಲಾಖೆಯ ಕೆಲಸ. ಮೂರನೆಯದನ್ನು ತಡೆಯುವುದು ಶಾಲೆಯ ಕೆಲಸ. ಹಸುವಿನ ಗೊಂಬೆಯನ್ನು ತನ್ನ ಕೈಯಿಂದ ಕತ್ತರಿಸಿ, ಗಂಟೆ ಎಳೆಸಿ, ಮಾತಾಡಿಸಿದ ಮಗು ಆ ಮಂಟಪಕ್ಕೆ ಹೋದಾಗ ಕಂಬದ ಮೇಲೆ ತನ್ನ ಹೆಸರು ಕೊರೆಯುವುದಿಲ್ಲ; ಹಸು ಎಲ್ಲಿದೆಯೆಂದು ತಲೆಯೆತ್ತಿ ಹುಡುಕುತ್ತದೆ. ಕತ್ತು ನೋಯದಂತೆ ನೋಡಬೇಕಾದರೆ ಅಂಗೈಯಲ್ಲಿ ಒಂದು ಚಿಕ್ಕ ಕನ್ನಡಿಯನ್ನು ಹಿಡಿದರಾಯಿತು, ಮಾಳಿಗೆ ಕೈಗೆ ಇಳಿದುಬರುತ್ತದೆ. ಎಡಬಲಗಳು ಅಲ್ಲಿ ಅದಲುಬದಲಾಗಿ ಕಾಣುವುದನ್ನು, ಗೊಂಬೆಯ ಪರದೆಯ ಹಿಂದೆ ದುಡಿದ ಮಕ್ಕಳು ಉಪಾಧ್ಯಾಯರಿಗಿಂತ ಮೊದಲೇ ಗುರುತಿಸಿಯಾರು.

ನಮ್ಮ ಸಹೋದ್ಯೋಗಿಗಳು ಮೂರರಲ್ಲಿ ಯಾವುದಾದರೂ ಒಂದನ್ನು, ಇಲ್ಲವೆ ತಮ್ಮ ಊರಿನ ಗುಡಿಯ ಗೋಡೆಯಲ್ಲಿರುವ ಯಾವುದಾದರೂ ಚಿತ್ರವನ್ನು ಆರಿಸಿಕೊಂಡು, ಕಥೆಯ ಗೊಡವೆಗೆ ಹೋಗದೆ ಮೊದಲ ಒಂದು ಗಂಟೆಯನ್ನು ಆ ನಾಲ್ಕು ಪ್ರಶ್ನೆಗಳಿಗೇ ಮೀಸಲಿಟ್ಟು ನೋಡಬೇಕೆಂದು ನಮ್ಮ ಬಿನ್ನಹ. ಕಾಸರಗೋಡಿನಂತೆ ಯಕ್ಷಗಾನ ಗೊಂಬೆಯಾಟ ಜೀವಂತವಾಗಿರುವ ಕಡೆ ಆ ಕಲಾವಿದರ ನೆರವನ್ನೂ ಕೋರಬಹುದು. ರಟ್ಟು, ಬಿದಿರುಕಡ್ಡಿ, ಒಂದು ಹಳೆಯ ಪಂಚೆ, ಒಂದು ದೀಪ ಇವಿಷ್ಟು ಯಾವ ಶಾಲೆಯಲ್ಲಿಯೂ ಒದಗುತ್ತವೆ.